ಬಿಟ್ಟಿ ದೋಣಿಯ ಹೂಬುಟ್ಟಿ

ಮರುದಿನ ಅರಸನ ಬಳಿ ಸಂತೆಗಳ ಅಧಿಕಾರಿಯಾಗಿ ಸೇರಲಿದ್ದ ಶಿಷ್ಯ ಗುರುವನ್ನು ಕೇಳಿದ: "ಗುರುಗಳೇ, ಒಬ್ಬ ಎಲ್ಲರಿಗೂ ಬಿಟ್ಟಿಯಾಗಿ ಉಪಕಾರ ಮಾಡುತ್ತಿದ್ದಾನೆ. ಯಾರೂ ದೂರು ಕೊಟ್ಟಿಲ್ಲ. ಅಂಥವನ ಮೇಲೂ ಕಣ್ಣಿಡಬೇಕೆ?"

ಗುರು ಹೇಳಿದರು:

ಒಂದು ಹೊಳೆಗೆ ಇಬ್ಬರು ಅಂಬಿಗರಿದ್ದರು. ಅವರಲ್ಲೊಬ್ಬ ದೊಡ್ಡ ದೋಣಿ ಕಟ್ಟಿಸಿ, ಯಾರಿಂದಲೂ ಕೂಲಿ ಕೇಳದೆ ದಾಟಿಸತೊಡಗಿದ. ಗಿರಾಕಿಗಳು ಬರಲೆಂದು ಆಚೆ ದಡದ ಅಂಗಡಿಯವರು ಅವನನ್ನು ಸಾಕುತ್ತಿದ್ದರು. ಇನ್ನೊಬ್ಬನ ದೋಣಿಯನ್ನು ಜನ ಹತ್ತಲಿಲ್ಲ. ಅವನು ಅದನ್ನು ಒಡೆದು, ಸೌದೆಗೆ ಮಾರಿ, ಊರು ಬಿಟ್ಟ. ಒಬ್ಬ ಹೂವಾಡಗಿತ್ತಿ ಆ ಸೌದೆ ಕೊಂಡಳು. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ಬಚ್ಚಲ ಒಲೆಗೆ ಹಾಕಿದಳು.

ಅವಳು ಮಲ್ಲಿಗೆ ಮೊಗ್ಗು ಮಾರಿ ಬದುಕುವವಳು. ಆಚೆ ಊರಿನ ಹೆಂಗಸರು ಅರಳಿದ ಹೂವನ್ನು ಕೊಳ್ಳುವುದಿಲ್ಲ; ಮೊಗ್ಗು ಮುಡಿದು, ಅದು ತಲೆಯಲ್ಲೇ ಅರಳಬೇಕು. ಅವಳ ಬುಟ್ಟಿ ದಿನವೂ ಖಾಲಿಯಾಗುವುದನ್ನು ಅಂಬಿಗ ನೋಡಿದ. ತಾನೂ ಮಲ್ಲಿಗೆ ಬೆಳೆದ. ಅಂದಿನಿಂದ ಅವನ ಬುಟ್ಟಿ ಬೆಳಗಿನ ಮೊದಲ ಸರದಿಯಲ್ಲಿ, ಅವಳದು ಸಂಜೆಯ ಕೊನೆಯ ಸರದಿಯಲ್ಲಿ ಹೊಳೆ ದಾಟತೊಡಗಿದವು. ಅವಳ ಮನೆಯಲ್ಲಿ ಒಲೆ ಹತ್ತದ ದಿನಗಳು ಬಂದವು. ಅವಳು ದೂರು ಕೊಟ್ಟಳು.

ಸಂತೆಗಳ ಅಧಿಕಾರಿ ಬಂದು ಅಂಬಿಗನನ್ನು ಕೇಳಿದ: "ಈಕೆಯನ್ನು ದಡದಲ್ಲಿ ಬಿಟ್ಟು ಹೋಗಿದ್ದೀಯಾ?"

"ಒಂದು ದಿನವೂ ಇಲ್ಲ, ಸ್ವಾಮಿ. ಬೇಕಾದರೆ ಆಕೆಯನ್ನೇ ಕೇಳಿ."

"ಬಿಟ್ಟು ಹೋಗುವುದಿಲ್ಲ, ಬುದ್ಧಿ," ಎಂದಳು ಹೂವಾಡಗಿತ್ತಿ. "ಬಹಳ ಒಳ್ಳೆಯವನು. ನನ್ನ ಮೊಗ್ಗು ಅರಳುವವರೆಗೆ ಕಾದು, ಆಮೇಲೆ ಕರೆದೊಯ್ಯುತ್ತಾನೆ."

ಅಧಿಕಾರಿ ಸಂಜೆಯವರೆಗೆ ಅವಳೊಡನೆ ದಡದಲ್ಲೇ ಕೂತ. ಬುಟ್ಟಿಯ ಮೊಗ್ಗು ಅವನ ಕಣ್ಣೆದುರೇ ಬಿರಿಯಿತು. ಅವನು ಎದ್ದು ಆಜ್ಞೆ ಮಾಡಿದ: "ದೋಣಿ ನಡೆಸು, ಇಲ್ಲವೆ ಹೂ ಮಾರು. ಎರಡೂ ಕೂಡದು."

"ಹಾಗಾದರೆ ನಾಳೆಯಿಂದ ದೋಣಿ ಇಲ್ಲ," ಎಂದು ಅಂಬಿಗ ಹುಟ್ಟನ್ನು ಕೆಳಗಿಟ್ಟ. "ಜನ ಬೇರೆ ದೋಣಿಯಲ್ಲಿ ದಾಟಲಿ."

ಅಧಿಕಾರಿ ದಡದ ಉದ್ದಕ್ಕೂ ನೋಡಿದ. ಬೇರೆ ದೋಣಿ ಇರಲಿಲ್ಲ. ಗಂಟುಮೂಟೆ ಹೊತ್ತು ನಿಂತಿದ್ದ ಜನ ಅಂಬಿಗನನ್ನು ಬಿಟ್ಟು ಅಧಿಕಾರಿಯ ಮೇಲೆಯೇ ಕೂಗಾಡಿದರು. ಅಧಿಕಾರಿ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡ. ಹೂವಾಡಗಿತ್ತಿ ಬುಟ್ಟಿಯನ್ನು ಹೊಳೆಗೆ ಸುರಿದು ಮನೆಗೆ ನಡೆದಳು.

ಶಿಷ್ಯ ಕೂತಲ್ಲೇ ಚಡಪಡಿಸಿದ. "ಆಜ್ಞೆ ಸರಿಯಾಗಿಯೇ ಇತ್ತಲ್ಲ, ಗುರುಗಳೇ! ಅವನು ಹಿಂಜರಿಯಬಾರದಿತ್ತು. ಇನ್ನೇನು ಮಾಡಬೇಕಿತ್ತು ಹೇಳಿ."

ಗುರು ಅವನನ್ನೇ ನೋಡಿ ಕೇಳಿದರು: "ಅವಳ ಬಚ್ಚಲ ಒಲೆಯಲ್ಲಿ ಇನ್ನೊಂದು ದೋಣಿ ಉರಿಯುತ್ತಿದ್ದಾಗ ಆ ಅಧಿಕಾರಿ ಎಲ್ಲಿದ್ದ?"