ಸಾಹೇಬರ ಕಂಟೇನರಿಗೊಬ್ಬ ಗಿರಾಕಿ

ಬಸ್ ಟಿಕೆಟ್ ಮಾರುವ ಕಂಪನಿಯೊಂದರಲ್ಲಿ ಟಿಕೆಟ್ ಕೊಡುವ ಪ್ರೋಗ್ರಾಂ ತುಂಬಿದ ಹಲವು ಕಂಟೇನರ್‌ಗಳು, ಅಂದರೆ ಕಂಪ್ಯೂಟರಿನೊಳಗಿನ ಡಬ್ಬಿಗಳು, ದುಡಿಯುತ್ತಿದ್ದವು. ಕರೆದರೆ ಓಗೊಡುವ ಕಂಟೇನರಿಗಷ್ಟೇ ಗಿರಾಕಿಯನ್ನು ಕಳಿಸುವುದು, ಬಂದ ಗಿರಾಕಿಗಳನ್ನು ಸರದಿಯಂತೆ ಹಂಚುವ ಲೋಡ್ ಬ್ಯಾಲೆನ್ಸರಿನ ಪದ್ಧತಿ. ಅದನ್ನು ನೋಡಿಕೊಳ್ಳುತ್ತಿದ್ದವಳು ಶಾಂಭವಿ.

ಒಂದು ದಿನ ಮ್ಯಾನೇಜರ್ ಪಟ್ಟಾಭಿರಾಮಯ್ಯ ಕೂಗಾಡಿದರು: “ನಾನು ಕೈಯಾರೆ ಮಾಡಿದ ಕಂಟೇನರನ್ನೇ ಸರದಿಯಿಂದ ಕೈಬಿಟ್ಟಿದ್ದೀಯಾ?”

“ಎಷ್ಟು ಕರೆದರೂ ಓಗೊಡ್ತಿಲ್ಲ ಸರ್.”

“ಓಗೊಡದಿದ್ದರೇನು? ನನ್ನದು ಅದು! ಅದಕ್ಕೂ ಗಿರಾಕಿ ಕೊಡು, ಇಲ್ಲದಿದ್ದರೆ ನಾಳೆಯಿಂದ ಬರಬೇಡ.”

“ಆಯ್ತು ಸರ್,” ಎಂದಳು.

ಸಂಜೆ ಸಾಹೇಬರು ಊರಿಗೆ ಹೋಗಲು ಟಿಕೆಟ್ ಬುಕ್ ಮಾಡಲು ಕೂತರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಅಕ್ಕಪಕ್ಕದವರಿಗೆಲ್ಲ ಸೀಟು ಸಿಕ್ಕಿತು.

“ಇದೇನಮ್ಮಾ, ನನಗೊಬ್ಬನಿಗೇ ಯಾಕೆ ಹೀಗೆ?”

“ನಿಮ್ಮ ಕಂಟೇನರಿಗೆ ಗಿರಾಕಿ ಕೊಟ್ಟೆ ಸರ್. ನಿಮ್ಮನ್ನೇ.”

“ಮೊದಲು ಅದನ್ನ ತೆಗಿಯಮ್ಮಾ, ಬಸ್ ಹೋಗ್ಬಿಡುತ್ತೆ!”