ಹಪ್ಪಳ ಹೇಳಿಕೊಟ್ಟ ಉಪಾಯ

ಹೊಳೆಬಾಗಿಲಿನ ದೊರೆ ವೀರಮಲ್ಲ ನಾಯಕರು ಬೀಗರಿಗೆ ಒಂದು ಓಲೆ ಬರೆದು ಪೇಚಿಗೆ ಸಿಕ್ಕಿಕೊಂಡಿದ್ದರು. "ನಮ್ಮ ಹೊಳೆಗೆ ಮರದ ಹೊಸ ಸೇತುವೆ ಕಟ್ಟಿಸಿದ್ದೇವೆ. ಅಳಿಯಂದಿರನ್ನು ಪಟ್ಟದಾನೆಯ ಮೇಲೆ ಕೂರಿಸಿಕೊಂಡು ಆ ಸೇತುವೆ ದಾಟಿಸಿಯೇ ಕರೆತರುತ್ತೇವೆ" ಎಂದು ಜಂಭ ಕೊಚ್ಚಿಕೊಂಡಿದ್ದರು. ಬೀಗರು ಬರುವುದು ನಾಳೆ ಬೆಳಗ್ಗೆ. ಹೊಳೆಯೋ ತುಂಬಿ ಹರಿಯುತ್ತಿದೆ. ಆನೆ ಭದ್ರ ಮಾತ್ರ ಸೇತುವೆ ಹತ್ತಲೊಲ್ಲದು.

ಕಬ್ಬು ತೋರಿಸಿದರು, ಹತ್ತಲಿಲ್ಲ. ಅಂಕುಶ ತೋರಿಸಿದರು, ಘೀಳಿಟ್ಟಿತು. ಗಜಶಾಸ್ತ್ರ ಅರೆದು ಕುಡಿದ ತಿರುಮಲ ಪಂಡಿತರು ಮೂರು ದಿನ ಮಂತ್ರ ಹೇಳಿದರು. ಭದ್ರ ಮೂರು ದಿನವೂ ತಲೆದೂಗಿ ಕೇಳಿತು, ಅಷ್ಟೇ.

"ಶಾಸ್ತ್ರದಲ್ಲಿ ತಪ್ಪಿಲ್ಲ ಮಹಾಸ್ವಾಮಿ. ಮಾವುತನೇ ಸರಿಯಿಲ್ಲ!" ಎಂದರು ಪಂಡಿತರು.

ದೊರೆ ಊಟಕ್ಕೆ ಕುಳಿತಲ್ಲಿಂದಲೇ ಮಾವುತ ಜಡಿಯಪ್ಪನನ್ನು ಕರೆಸಿದರು. "ನಾಳೆ ಬೆಳಗಾಗುವುದರೊಳಗೆ ಆನೆ ಆಚೆ ದಡದಲ್ಲಿರಬೇಕು. ಇಲ್ಲದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೀಮೆ ಬಿಟ್ಟು ನಡಿ."

ಜಡಿಯಪ್ಪ ಕೈಮುಗಿದ. "ಮರಿ ಇದ್ದಾಗಿನಿಂದ ಸಾಕೀವ್ನಿ ಬುದ್ಧಿ. ನನ್ನ ಮಾತು ಮೀರೋ ಆನೆ ಅಲ್ಲ ಅದು. ಯಾಕೋ ಹೆದರ್ಕತದೆ."

ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ಸಿಂಗ್ರಯ್ಯ ಎತ್ತಿದ ತುತ್ತನ್ನು ಎಲೆಗೇ ಬಿಟ್ಟ. ದೊರೆಯನ್ನು ನಗಿಸುವುದೇ ಆಸ್ಥಾನದಲ್ಲಿ ಅವನ ಕೆಲಸ. ಆದರೆ ಆ ಮುದಿ ಮಾವುತನ ಮುಖ ನೋಡಿದ ಮೇಲೆ ಅವನಿಗೇ ನಗು ಹುಟ್ಟಲಿಲ್ಲ.

"ಮಹಾಸ್ವಾಮಿ, ಒಂದು ಗಳಿಗೆ ನನಗೆ ಕೊಡಿ, ಯೋಚಿಸುತ್ತೇನೆ."

"ಮೂರು ದಿನದಿಂದ ನಾವೆಲ್ಲ ಏನು ಗೊರಕೆ ಹೊಡೆಯುತ್ತಿದ್ದೆವೇ?" ಪಂಡಿತರು ಸಿಡುಕಿದರು.

"ಇಲ್ಲ ಪಂಡಿತರೇ. ಆದರೆ ಆನೆ ಎಂದ ಕೂಡಲೇ ನಿಮಗೆ ಅಂಕುಶ, ಕಬ್ಬು, ಮಂತ್ರ, ಮತ್ತೆ ಅಂಕುಶ. ಹಳೆಯ ಗಾಡಿಜಾಡು! ಚಕ್ರ ಅದರಲ್ಲಿ ಬಿದ್ದರೆ ಎತ್ತು ನಿದ್ದೆಗಣ್ಣಲ್ಲೂ ಹಳೇ ಊರಿಗೇ ಹೋಗುತ್ತದೆ. ಆನೆಗೆ ಸಂಬಂಧವೇ ಇಲ್ಲದ ಏನಾದರೊಂದನ್ನು ಕೊಡಿ. ನಾನು ಅಲ್ಲಿಂದ ಹೊರಟು ಆನೆಯ ಹತ್ತಿರ ಬರುತ್ತೇನೆ."

"ಏನು ಕೊಟ್ಟರೂ ಸರಿಯೋ?"

"ಏನು ಕೊಟ್ಟರೂ ಸರಿ."

ಪಂಡಿತರು ನಗುತ್ತ, ತಮ್ಮ ಎಲೆಗೆ ಹಪ್ಪಳ ಹಾಕಲು ಬಗ್ಗಿದ ಬಡಿಸುವವನನ್ನು ತಡೆದರು. "ಇದನ್ನು ಅವನಿಗೆ ಹಾಕಪ್ಪ. ಹಪ್ಪಳದಿಂದ ಆನೆ ದಾಟಿಸಲಿ! ಆಗದಿದ್ದರೆ ಮಾವುತನ ಜೊತೆ ಇವನೂ ಗಂಟುಮೂಟೆ ಕಟ್ಟಲಿ."

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ದೊರೆಯೂ ನಕ್ಕರು. "ಒಪ್ಪಿಗೆಯೇ ಸಿಂಗ್ರಯ್ಯ?"

"ಒಪ್ಪಿಗೆ" ಎಂದುಬಿಟ್ಟ.

ಹಪ್ಪಳವನ್ನು ಹಿಂದೆ ಮುಂದೆ ತಿರುಗಿಸಿದ. ಗುಂಡಗಿದೆ. ಗುಂಡಗಿದ್ದದ್ದು ಚಕ್ರ. ಆನೆಯನ್ನು ಗಾಡಿಯಲ್ಲಿ ಎಳೆಯುವುದೇ? ಛೆ. ಎಣ್ಣೆಯಲ್ಲಿ ಕರಿದಿದೆ. ಎಣ್ಣೆ ಎಂದರೆ ಜಾರುತ್ತದೆ. ಅಯ್ಯೋ, ಬೇಡ. ಬಿಸಿಲಲ್ಲಿ ಒಣಗಿಸಿದ್ದು, ಕಾಗೆ ಕಚ್ಚದಂತೆ ಕಾಯಬೇಕು... ಕಾಗೆಗೂ ಆನೆಗೂ ಏನು?

"ಗಳಿಗೆ ಮುಗಿಯುತ್ತಾ ಬಂತು" ಎಂದರು ಪಂಡಿತರು, ಮೀಸೆಯಡಿಯಲ್ಲೇ ನಗುತ್ತ.

ಏನೂ ತೋಚದೆ ಸಿಂಗ್ರಯ್ಯ ಹಪ್ಪಳ ಕಚ್ಚಿದ. ಕರಂ! ಎಲ್ಲರೂ ಉಸಿರು ಬಿಗಿಹಿಡಿದಿದ್ದ ಆ ಮೌನದಲ್ಲಿ ಸದ್ದು ಎಷ್ಟು ಜೋರಾಗಿ ಕೇಳಿತೆಂದರೆ, ಬಡಿಸುವವನು ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಸಿಂಗ್ರಯ್ಯ ಅವನ ಕಾಲನ್ನೇ ನೋಡಿದ. ಆಮೇಲೆ ಜಡಿಯಪ್ಪನ ಕಡೆ ತಿರುಗಿದ. "ಭದ್ರ ಹಲಗೆ ಮೇಲೆ ಕಾಲಿಟ್ಟಾಗ ಏನಾಗುತ್ತದೆ ಜಡಿಯಪ್ಪ?"

"ಢಬ್ ಅಂತದೆ ಬುದ್ಧಿ. ತಕ್ಷಣ ಕಾಲು ಹಿಂದಕ್ಕೆ ತಕ್ಕತದೆ."

"ಸದ್ದು! ಅದು ಹೆದರುವುದು ಸೇತುವೆಗಲ್ಲ, ಸದ್ದಿಗೆ. ಕಾಡಿನ ನೆಲ ಯಾವತ್ತಾದರೂ ಢಬ್ ಎಂದದ್ದುಂಟೇ?" ಸಿಂಗ್ರಯ್ಯ ಉಳಿದ ಹಪ್ಪಳವನ್ನು ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ. ಸದ್ದೇ ಇಲ್ಲ. "ನೋಡಿದಿರಾ, ಮೆತ್ತಗಾದ ಹಪ್ಪಳ ಮೂಕವಾಯಿತು. ಸೇತುವೆಯ ಮೇಲೆ ಹುಲ್ಲು ಹಾಸಿ, ಮೇಲೆ ಒದ್ದೆ ಮಣ್ಣು ಹರಡಿಸಿ ಮಹಾಸ್ವಾಮಿ."

"ಸೇತುವೆ ಭಾರ ತಾಳುತ್ತದೆಯೇ?" ದೊರೆ ಕೇಳಿದರು.

"ನಿಮ್ಮ ಬಡಗಿಗಳು ಕಲ್ಲು ತುಂಬಿದ ಗಾಡಿಗಳನ್ನು ಸಾಲಾಗಿ ಓಡಿಸಿ ನೋಡಿದ್ದಾರೆ. ಭಾರದ ಚಿಂತೆಯಿಲ್ಲ."

ಹೊತ್ತು ಇಳಿಯುವುದರೊಳಗೆ ಸೇತುವೆ ಗದ್ದೆಯ ಬದುವಿನಂತಾಯಿತು. ಊರೇ ದಡದಲ್ಲಿ ನೆರೆಯಿತು. ಜಡಿಯಪ್ಪ ಭದ್ರನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಆನೆ ಒಂದು ಕಾಲಿಟ್ಟಿತು. ಸಿಂಗ್ರಯ್ಯ ಕಣ್ಣು ಮುಚ್ಚಿಕೊಂಡ. ಸದ್ದಿಲ್ಲ. ಇನ್ನೊಂದು ಕಾಲು. ಅವನು ಕಣ್ಣು ಬಿಡುವಷ್ಟರಲ್ಲಿ ಭದ್ರ ಹೊಳೆಯ ನಡುವೆ ಬಾಲ ಆಡಿಸುತ್ತ, ಮಾವನ ಮನೆಗೆ ಹೊರಟವನಂತೆ ನಡೆಯುತ್ತಿತ್ತು. ಕೊರಳು ತಬ್ಬಿಕೊಂಡು ಕುಳಿತಿದ್ದ ಜಡಿಯಪ್ಪ ಅಳುತ್ತಿದ್ದನೋ ನಗುತ್ತಿದ್ದನೋ ಈಚೆ ದಡದವರಿಗೆ ತಿಳಿಯಲಿಲ್ಲ.

ದೊರೆ ಹಿಗ್ಗಿದರು. ಪಂಡಿತರು ಮಾತ್ರ ಸೋಲೊಪ್ಪಲಿಲ್ಲ. "ಅದೃಷ್ಟ ಮಹಾಸ್ವಾಮಿ! ನನ್ನ ಕೈಗೆ ಹಪ್ಪಳ ಸಿಕ್ಕಿತು, ಇವನು ಗೆದ್ದ. ಸಿಂಗ್ರಯ್ಯ, ನಾನು ಪೊರಕೆ ಕೊಟ್ಟಿದ್ದರೆ?"

"ಪೊರಕೆ ಗುಡಿಸುವುದು ಮಣ್ಣನ್ನು. ಮಣ್ಣು ನೆನಪಾಗುತ್ತಿತ್ತು."

"ಹಾಸಿಗೆ ಕೊಟ್ಟಿದ್ದರೆ?"

"ಇನ್ನೂ ಸಲೀಸು. ಹುಲ್ಲು ಹಾಸುತ್ತಿದ್ದೆ."

ಪಂಡಿತರು ಕೆಂಪಾದರು. "ಏನೂ ಕೊಡದೆ, ಬರೀ ನನ್ನ ತಲೆ ತೋರಿಸಿದ್ದರೆ?"

ಸಿಂಗ್ರಯ್ಯ ಕೈಮುಗಿದ. "ಆಗ ಗಳಿಗೆಯೇ ಬೇಕಿರಲಿಲ್ಲ ಪಂಡಿತರೇ. ಒಳಗೆ ಟೊಳ್ಳಿದ್ದರೆ ಸದ್ದು ಜಾಸ್ತಿ ಎಂದು ಆಗಲೇ ಹೊಳೆದುಬಿಡುತ್ತಿತ್ತು!"

ದೊರೆ ನಕ್ಕ ನಗುವಿಗೆ ಪೇಟ ಜಾರಿ ಹೆಗಲಿಗೆ ಬಿತ್ತು. ಅದನ್ನು ಹಾಗೆಯೇ ಎತ್ತಿ ಸಿಂಗ್ರಯ್ಯನ ತಲೆಗಿಟ್ಟು, ತಾವು ಬರಿದಲೆಯಲ್ಲೇ ಅರಮನೆಗೆ ನಡೆದರು.