ಆರು ಬಾವಿಗಳ ಓಟ

“ಗುರುಗಳೇ, ಒಂದು ವರ್ಷದಿಂದ ಒಪ್ಪೊತ್ತು ಉಣ್ಣುತ್ತಿದ್ದೇನೆ. ಹಸಿವು ಈಗ ನಾನು ಹೇಳಿದ ಹಾಗೆ ಕೇಳುತ್ತದೆ. ಇನ್ನು ಯಾವುದನ್ನು ಬಿಡಲಿ?” ಎಂದು ಗುರುಪಾದ ಕೇಳಿದ.

ಅವನು ನೇಕಾರ. ಹೆಂಡತಿಯೊಡನೆ ಸಂಸಾರ ಹೂಡಿದವನು. ಹಗಲೆಲ್ಲ ಮಗ್ಗದ ಮನೆಯಲ್ಲಿ ದುಡಿದು ಸಂಜೆ ಮಠಕ್ಕೆ ಬರುತ್ತಿದ್ದ. ಕೇಳುವಾಗ ಅವನ ದನಿಯಲ್ಲಿ ಕೊಂಚ ಹೆಮ್ಮೆಯಿತ್ತು. ಅದು ಗುರುಗಳಿಗೂ ಕೇಳಿಸಿತು. ಅವರು ಒಂದು ಕತೆ ಹೇಳಿದರು.

ಮರಳುಗಾಡಿನ ಅಂಚಿನಲ್ಲಿ ಒಂದು ಊರು. ಮೂರು ವರ್ಷಕ್ಕೊಮ್ಮೆ ಅಲ್ಲಿ ಆರು ದಿನದ ಓಟ. ಮರಳಿನ ನಡುವೆ ಐದು ಬಾವಿ, ಆರನೆಯದು ಊರ ಬಾವಿ. ಹಿಟ್ಟಿನ ಗಂಟು ಬೆನ್ನಿಗೆ ಕಟ್ಟಿಕೊಂಡು ದಿನಕ್ಕೊಂದು ಬಾವಿ ಮುಟ್ಟಬೇಕು. ಬಾವಿಯ ಬಳಿ ಒಂದು ಚೊಂಬು ನೀರು ಕೊಡುತ್ತಾರೆ. ನಡುವೆ ತೊಟ್ಟು ನೀರು ಕುಡಿದರೂ ಓಟದಿಂದ ಹೊರಗೆ.

ಆ ಊರಿನ ಒಬ್ಬ ಓಟಗಾರ ಎರಡು ಸಲ ಓಡಿ, ಎರಡು ಸಲವೂ ಮೂರನೆಯ ದಿನ ಬಿದ್ದಿದ್ದ. ಸೋತದ್ದು ಕಾಲಲ್ಲ, ಗಂಟಲು. ಅವನನ್ನು ಒಂಟೆಯ ಮೇಲೆ ಮೂಟೆಯ ಹಾಗೆ ಹೇರಿಕೊಂಡು ತಂದಾಗ ಊರವರು ನಕ್ಕಿದ್ದರು. ಈ ಸಲವೂ ಬಿದ್ದರೆ ಮತ್ತೆ ಓಡುವ ವಯಸ್ಸು ತನಗೆ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಆದ್ದರಿಂದ ಹತ್ತು ತಿಂಗಳ ಮೊದಲೇ ಅಭ್ಯಾಸಕ್ಕೆ ಇಳಿದ. ಬೆಳಗಾಗುತ್ತಲೇ ಮರಳು ತುಂಬಿದ ಚೀಲ ಹೊತ್ತು ಓಡುವನು. ನಡುಹಗಲಲ್ಲಿ ಮನೆಗೆ ಬಂದರೂ ನೀರು ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆಯೇ ಒಂದು ಚೊಂಬು. ಮೊದಮೊದಲು ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ನಾಲ್ಕು ತಿಂಗಳಾಗುವಷ್ಟರಲ್ಲಿ, ಪಕ್ಕದಲ್ಲಿ ಯಾರಾದರೂ ನೀರು ಸೇದಿದರೆ ತಿರುಗಿಯೂ ನೋಡದಷ್ಟು ಗಟ್ಟಿಯಾದ.

ಅವನ ಹೆಂಡತಿ ಮಾತು ಕಡಿಮೆಯವಳು. ಗಂಡ ಉಂಡ ಮೇಲೆ ಉಣ್ಣುವುದು ಅವಳ ವಾಡಿಕೆ; ಆ ಊರಿನ ಹೆಂಗಸರೆಲ್ಲರ ವಾಡಿಕೆ. ಸಂಜೆಯಾದರೆ ಚೊಂಬು ಹಿಡಿದು ಹೊಸಿಲಲ್ಲಿ ನಿಂತಿರುತ್ತಿದ್ದಳು. ಒಂದು ದಿನವೂ ತಡ ಮಾಡಲಿಲ್ಲ. ಅದನ್ನು ಅವನು ಪ್ರೀತಿ ಎಂದುಕೊಂಡ. ಪ್ರೀತಿಯೇ ಹೌದು, ಆದರೆ ಅಷ್ಟೇ ಆಗಿರಲಿಲ್ಲ. ಅವನು ಕುಡಿದಿಟ್ಟ ಚೊಂಬನ್ನು ಅವಳು ಒಳಗೆ ಒಯ್ದು, ತುಂಬಿಕೊಂಡು, ಗಟಗಟ ಕುಡಿಯುವ ಸದ್ದು ದಿನವೂ ಕೇಳಿಸುತ್ತಿತ್ತು. ದಣಿದು ಕೂತವನು ಅದಕ್ಕೆ ಗಮನ ಕೊಡಲಿಲ್ಲ.

ಒಮ್ಮೆ ಮಾತ್ರ ಕೇಳಿದ: “ನಿನ್ನ ತುಟಿ ಯಾಕೆ ಹೀಗೆ ಒಡೆದಿದೆ?”

“ಬಿಸಿಲಲ್ಲವೇ,” ಎಂದಳು.

ಬಿಸಿಲೇನೋ ಇತ್ತು. ಅವನು ಚೀಲಕ್ಕೆ ಇನ್ನೆರಡು ಬೊಗಸೆ ಮರಳು ಸುರಿದ.

ಓಟದ ದಿನ ಬಂತು. ಎರಡು ಸಲ ತಾನು ಬಿದ್ದಿದ್ದ ದಿಬ್ಬವನ್ನು ಮೂರನೆಯ ದಿನ ಅವನು ನಗುನಗುತ್ತ ದಾಟಿದ. ನಾಲ್ಕನೆಯ ಬಾವಿಯಲ್ಲಿ ಅರ್ಧ ಚೊಂಬೇ ಸಾಕಾಯಿತು. ಉಳಿದ ನೀರನ್ನು ಕಾಲಿಗೆ ಸುರಿದುಕೊಂಡ. ಆ ಅರ್ಧ ಚೊಂಬನ್ನು ಅವನು ಬದುಕಿರುವವರೆಗೂ ಮರೆಯಲಿಲ್ಲ.

ಆರನೆಯ ಸಂಜೆ ಊರ ಬಾವಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದ. ಜನ ಸೇರಿದ್ದರು, ತಮಟೆಗಳೂ ಇದ್ದವು, ಆದರೆ ಯಾರೂ ಬಾರಿಸಲಿಲ್ಲ. ಬೇರೆ ಯಾರೋ ಗೆದ್ದಿರಬೇಕು ಎಂದುಕೊಂಡ.

“ನನಗಿಂತ ಮುಂಚೆ ಯಾರು ಬಂದರು?” ಎಂದು ಕೇಳಿದ.

ನೆರೆಮನೆಯ ಮುದುಕಿ ಮುಂದೆ ಬಂದಳು. “ಯಾರೂ ಬಂದಿಲ್ಲಪ್ಪ, ಗೆದ್ದವನು ನೀನೇ. ನಿನ್ನ ಹೆಂಡತಿ ಮೊನ್ನೆ ಸಂಜೆ ತೀರಿಕೊಂಡಳು. ಗಂಡ ಬಾಯಿ ಒಣಗಿಸಿಕೊಂಡು ಓಡುವಾಗ ತಾನು ಹೇಗೆ ಕುಡಿಯಲಿ ಎಂದು ಹತ್ತು ತಿಂಗಳೂ ಹಗಲು ಹೊತ್ತು ನೀರು ಬಿಟ್ಟಿದ್ದಳು. ನಿನ್ನ ಓಟ ಕೆಡುತ್ತದೆಂದು ನಿನಗೆ ಹೇಳಗೊಡಲಿಲ್ಲ. ಮನೆಯಲ್ಲಿದ್ದಾಗ ನೀನು ಕುಡಿಯುವುದು ಕಣ್ಣಿಗೆ ಕಾಣುತ್ತಿತ್ತು. ಹೋದ ಮೇಲೆ ನೀನು ಬಾವಿ ಮುಟ್ಟಿದೆಯೋ, ಮರಳಲ್ಲಿ ಬಿದ್ದೆಯೋ, ಅವಳಿಗೆ ಹೇಗೆ ತಿಳಿಯಬೇಕು? ನಾವು ನೀರನ್ನು ಬಾಯಿಗೆ ಹಿಡಿದರೂ, ‘ಅವರು ಕುಡಿದರೆಂದು ಯಾರಾದರೂ ಕಂಡವರು ಹೇಳಲಿ, ಕುಡಿಯುತ್ತೇನೆ’ ಎಂದಳು. ಕಂಡವರು ಯಾರಿದ್ದರು?”

ಅವನು ಮನೆಗೆ ನಡೆದ. ಹೊಸಿಲ ಬಳಿ ಅವಳ ಚೊಂಬು ಇತ್ತು. ತುಂಬ ನೀರು, ಮೇಲೊಂದು ತಟ್ಟೆ ಮುಚ್ಚಿತ್ತು. ಅದರ ಮುಂದೆ ಕುಳಿತ. ಕುಡಿಯಲಾರ, ಚೆಲ್ಲಲಾರ. ಒಡೆದ ತುಟಿಯನ್ನು ಕಂಡಿದ್ದೆ, ಯಾಕೆಂದು ಕೇಳಿಯೂ ಇದ್ದೆ, ಒಂದು ಗಳಿಗೆ ನಿಂತು ಅವಳ ಮುಖ ನೋಡಲಿಲ್ಲ ಎಂದು ಉಳಿದ ಆಯುಸ್ಸೆಲ್ಲ ಕೊರಗಿದ. ಮತ್ತೆ ಓಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಸಂಕಟವಾಯಿತು.

“ಅಯ್ಯೋ ಪಾಪ, ಒಂದೇ ಒಂದು ದಿನ ಅವನು ಒಳಗೆ ಇಣುಕಿ ನೋಡಬಾರದಿತ್ತೇ?” ಎಂದ.

“ನೀನು ಒಪ್ಪೊತ್ತು ಹಿಡಿದ ಮೇಲೆ ನಿನ್ನ ಮನೆಯ ಒಲೆ ದಿನಕ್ಕೆ ಎಷ್ಟು ಸಲ ಹೊತ್ತುತ್ತಿದೆ?” ಎಂದರು ಗುರುಗಳು.

ಗುರುಪಾದನಿಗೆ ಗೊತ್ತಿರಲಿಲ್ಲ.